ಕಿಡ್ನಿ ಕಸಿ ಆದವರು ಆಮೇಲೆ ಏನಾದರು? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ ರಾಜ್ಯದ ಅಂಗಾಂಗ ಕಸಿ ಸಂಸ್ಥೆ ಜೀವಸಾರ್ಥಕತೆಯ ಮುಖ್ಯಸ್ಥರು, ಬೆಂಗಳೂರು.

ವಿಷಯ: ಅಂಗಾಂಗ ಕಸಿ ಆದವರು ಮತ್ತು ದಾನಿಗಳು ಮುಂದೆ ಹೇಗಿದ್ದಾರೆ ಎಂಬುದನ್ನು ದಾಖಲಿಸಿ, ಆಸ್ಪತ್ರೆವಾರು ಪ್ರಕಟಿಸುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ನನ್ನ ತಮ್ಮನಿಗೆ 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಿಡ್ನಿ ಕಸಿ ಆಯಿತು. ಆಗ ಅವನಿಗೆ 29 ವರ್ಷ. ಚಿಕ್ಕ ವಯಸ್ಸಿಗೇ ಬಿಪಿ ಇತ್ತು, ನಮಗೆ ಗೊತ್ತಾಗುವ ಹೊತ್ತಿಗೆ ಎರಡೂ ಕಿಡ್ನಿ ಕುಗ್ಗಿ ಹೋಗಿದ್ದವು. ಕಿಡ್ನಿ ಕೊಟ್ಟವರು ನಮ್ಮ ಅಮ್ಮ. ಆ ಕಿಡ್ನಿ ಸುಮಾರು ಮೂರೂವರೆ ವರ್ಷ ನಡೆಯಿತು. 2022ರ ಜೂನ್‌ನಿಂದ ತಮ್ಮ ಮತ್ತೆ ಡಯಾಲಿಸಿಸ್ ಮೇಲಿದ್ದಾನೆ. ಮಂಗಳವಾರ, ಶುಕ್ರವಾರ, ತಾಲ್ಲೂಕು ಆಸ್ಪತ್ರೆಯಲ್ಲಿ, ಕಿಟಕಿ ಪಕ್ಕದ ಮೂರನೇ ಮಂಚ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆಪರೇಷನ್ ಮಾಡಿದ ಡಾಕ್ಟರುಗಳ ಮೇಲೆ ನನಗೆ ಯಾವ ದೂರೂ ಇಲ್ಲ. ಅವರು ಚೆನ್ನಾಗಿಯೇ ಮಾಡಿದರು. ಆಸ್ಪತ್ರೆಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಡಯಾಲಿಸಿಸ್ ವಾರ್ಡಿನಲ್ಲಿ ಕೂತು ಅಕ್ಕಪಕ್ಕದವರನ್ನು ಮಾತಾಡಿಸಿದರೆ, ಬೇರೆ ಬೇರೆ ಕಡೆ ಕಸಿ ಮಾಡಿಸಿಕೊಂಡು ವಾಪಸ್ ಬಂದವರೂ ಹೆಚ್ಚುಕಡಿಮೆ ನಮ್ಮದೇ ಮಾತು ಹೇಳುತ್ತಾರೆ. ಹಾಗಾಗಿ ಇದನ್ನು ನಮ್ಮೊಬ್ಬರ ಮನೆಯ ಗೋಳು ಅಂತ ಓದಬೇಡಿ.

2018ರ ಕೊನೆಯಲ್ಲಿ ಟೆಸ್ಟುಗಳಿಗೆ ಓಡಾಡುತ್ತಿದ್ದಾಗ ಓಪಿಡಿ ಹೊರಗೆ ಒಂದು ದೊಡ್ಡ ಬೋರ್ಡ್ ಇತ್ತು. ಕಿಡ್ನಿ ಕಸಿ, ಶೇ 98 ಯಶಸ್ಸು ಅಂತ. ಅಮ್ಮ ಅದನ್ನು ಎರಡು ಸಲ ಓದಿ, 'ನೂರಕ್ಕೆ ತೊಂಬತ್ತೆಂಟು ಕಣೇ, ಇನ್ನೇನು ಯೋಚನೆ' ಅಂದರು. ನಾನು ಕೋಆರ್ಡಿನೇಟರ್ ಮೇಡಂ ಹತ್ತಿರ ಹೋಗಿ ಕೇಳಿದೆ: 'ಮೇಡಂ, ಈ 98 ಅನ್ನೋದು ಎಷ್ಟು ದಿನಕ್ಕೆ? ಡಿಸ್ಚಾರ್ಜ್ ಆಗೋವರೆಗಾ, ಒಂದು ವರ್ಷಕ್ಕಾ, ಐದು ವರ್ಷಕ್ಕಾ?' ಅವರು ಒಳ್ಳೆಯ ಹೆಂಗಸು, ಸುಮ್ಮನೆ ಏನೋ ಒಂದು ಹೇಳಿ ಸಾಗಹಾಕಲಿಲ್ಲ. ಸ್ವಲ್ಪ ಯೋಚಿಸಿ, 'ಅದು ನನಗೂ ಸರಿಯಾಗಿ ಗೊತ್ತಿಲ್ಲಮ್ಮ' ಅಂದರು.

ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಇಡೀ ಪತ್ರ ಅದರ ಬಗ್ಗೆಯೇ.

ರೋಗಿ ಬದುಕಿರುವುದು ಒಂದು ಲೆಕ್ಕ, ಹಾಕಿದ ಕಿಡ್ನಿ ನಡೆಯುತ್ತಿರುವುದು ಇನ್ನೊಂದು ಲೆಕ್ಕ. ನನ್ನ ತಮ್ಮ ಬದುಕಿದ್ದಾನೆ, ಅಮ್ಮ ಕೊಟ್ಟ ಕಿಡ್ನಿ ನಿಂತಿದೆ. ಅವನನ್ನು ಯಾವ ಪಟ್ಟಿಗೆ ಹಾಕುತ್ತೀರಿ? ಮೊದಲ ವರ್ಷದಲ್ಲಿ ಈಗ ಹೆಚ್ಚಿನ ಒಳ್ಳೆಯ ಆಸ್ಪತ್ರೆಗಳಲ್ಲಿ ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಮಾತ್ರೆಗೆ ದುಡ್ಡು ಹೊಂದಿಸಬೇಕು, ದೂರದ ಊರಿನಿಂದ ಟೆಸ್ಟಿಗೆ ಬರಬೇಕು, ಇನ್ಫೆಕ್ಷನ್ ಬರುತ್ತದೆ, ನಿಧಾನಕ್ಕೆ ರಿಜೆಕ್ಷನ್, ಅಂದರೆ ಹಾಕಿದ ಅಂಗವನ್ನು ದೇಹವೇ ತಳ್ಳುವುದು, ಶುರುವಾಗುತ್ತದೆ. ಡಿಸ್ಚಾರ್ಜ್ ದಿನದ ಲೆಕ್ಕದಲ್ಲಿ ಇದ್ಯಾವುದೂ ಬರುವುದಿಲ್ಲ, ಅಲ್ವಾ?

ನಮ್ಮಲ್ಲಿ ಎಣಿಕೆ ಇಲ್ಲವೇ ಇಲ್ಲ ಅಂತಲ್ಲ. 2013ರಲ್ಲಿ ದೇಶದಲ್ಲಿ ಆದ ಅಂಗಾಂಗ ಕಸಿಗಳು 4,990. 2023ರಲ್ಲಿ 18,378. ಅದೇ 2023ರಲ್ಲಿ ನಮ್ಮ ರಾಜ್ಯದಲ್ಲಿ 178 ಮಂದಿಯ ಕುಟುಂಬದವರು, ತಮ್ಮವರ ಮಿದುಳು ನಿಂತ ಮೇಲೆ, ಅಂಗದಾನಕ್ಕೆ ಒಪ್ಪಿದರು. ಈ ಲೆಕ್ಕಗಳು ಪೇಪರಿನಲ್ಲಿ ಬರುತ್ತವೆ, ನಾವೂ ಓದಿ ಹೆಮ್ಮೆ ಪಡುತ್ತೇವೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಮನೆಯವರು ಅಂಥ ದುಃಖದಲ್ಲೂ ಅಂಗದಾನಕ್ಕೆ ಒಪ್ಪಿದ್ದು, ಅದೇ ವರ್ಷ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣು ದಾನ ಆಗಿದ್ದು, ಅದನ್ನು ನೋಡಿ ಹಳ್ಳಿ ಹಳ್ಳಿಯ ಹುಡುಗರು ಕ್ಯೂ ನಿಂತು ಹೆಸರು ಬರೆಸಿದ್ದು, ಎಲ್ಲ ನನ್ನ ಕಣ್ಣ ಮುಂದೆಯೇ ಇದೆ. ನಾನೂ ಅಂಗದಾನದ ಪ್ರತಿಜ್ಞೆ ಮಾಡಿದ್ದೇನೆ. ಇಷ್ಟೆಲ್ಲ ಆದ ಮೇಲೂ ಅದನ್ನು ವಾಪಸ್ ತೆಗೆದುಕೊಳ್ಳುವ ಯೋಚನೆ ಬಂದಿಲ್ಲ.

ಆದರೆ ಆ ಕೊಟ್ಟ ಅಂಗಗಳು ಎಷ್ಟು ವರ್ಷ ನಡೆದವು? 2013ರಲ್ಲಿ ಕಸಿ ಮಾಡಿಸಿಕೊಂಡವರಲ್ಲಿ ಇವತ್ತು ಎಷ್ಟು ಮಂದಿ ಇದ್ದಾರೆ? ಯಾವ ಆಸ್ಪತ್ರೆಯಲ್ಲಿ ಹೇಗೆ? ನಾನು ಹುಡುಕಿದೆ. ನಮ್ಮಂಥ ಸಾಮಾನ್ಯರು ತೆರೆದು ಓದುವ ಹಾಗೆ ಎಲ್ಲೂ ಸಿಗಲಿಲ್ಲ.

ಇದಕ್ಕೆ ಹೊಸ ಕಾನೂನೇನೂ ಬೇಡ ಸ್ವಾಮಿ. ಅಂಗಾಂಗ ಕಸಿ ಕಾಯ್ದೆ 1994ರಲ್ಲೇ ಬಂತು, 2011ರಲ್ಲಿ ತಿದ್ದುಪಡಿ ಆಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಕಸಿಯ ನೋಂದಣಿ ದಾಖಲೆಯಲ್ಲಿ ಏನೇನು ಇರಬೇಕು ಅಂತ ಆ ನಿಯಮಗಳೇ ಹೇಳುತ್ತವೆ. ಕಾಯುತ್ತಿರುವವರ ವಿವರ, ಅಂಗ ಪಡೆದವರ ವಿವರ, ದಾನಿಯ ವಿವರ, ಜೊತೆಗೆ ಪಡೆದವರು ಮತ್ತು ಕೊಟ್ಟವರು ಇಬ್ಬರ ಫಾಲೋಅಪ್ ವಿವರ. ವರ್ಷಕ್ಕೊಮ್ಮೆ ವರದಿ ಪ್ರಕಟಿಸಬೇಕು ಅಂತಲೂ ಇದೆ. ಕಾಗದದ ಮೇಲೆ ನನ್ನ ತಮ್ಮನೂ ಇರಬೇಕು, ನನ್ನ ಅಮ್ಮನೂ ಇರಬೇಕು.

ಇದ್ದಾರಾ ಅಂತ ಹೇಳುತ್ತೇನೆ. 2023ರಲ್ಲಿ ಎರಡನೇ ಕಸಿಗೆ ಹೆಸರು ಬರೆಸಬೇಕು ಅಂತ ಹಳೆಯ ರೆಕಾರ್ಡ್ ತೆಗೆಸಲು ಅದೇ ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ನಂಬರ್ ಹಾಕಿ, ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದಳು: 'ಅಕ್ಕಾ, ಪೇಷೆಂಟ್ ಇದ್ದಾರಾ?' ಯಾಕಮ್ಮಾ ಹಾಗೆ ಕೇಳುತ್ತೀಯ ಅಂದೆ. ಸ್ಕ್ರೀನ್ ನನ್ನ ಕಡೆ ತಿರುಗಿಸಿದಳು. ತಮ್ಮನ ಹೆಸರಿನ ಮುಂದೆ 'ಲಾಸ್ಟ್ ಟು ಫಾಲೋಅಪ್' ಅಂತ ಇತ್ತು. ಕಳೆದುಹೋದವನು. ಆ ಹೊತ್ತಿಗೆ ಅವನು ಎಲ್ಲಿದ್ದ ಗೊತ್ತಾ? ನಿಮ್ಮದೇ ಸರ್ಕಾರದ ತಾಲ್ಲೂಕು ಆಸ್ಪತ್ರೆಯಲ್ಲಿ, ಮೂರನೇ ಮಂಚದ ಮೇಲೆ, ಕೈಗೆ ಎರಡು ಸೂಜಿ ಚುಚ್ಚಿಸಿಕೊಂಡು ಮಲಗಿದ್ದ. ಅಲ್ಲಿನ ರಿಜಿಸ್ಟರಿನಲ್ಲಿ ವಾರಕ್ಕೆರಡು ಸಲ ಅವನ ಹೆಸರು, ತೂಕ, ಬಿಪಿ ಎಲ್ಲ ಬರೆಯುತ್ತಾರೆ. ಒಂದು ಸರ್ಕಾರಿ ಪುಸ್ತಕದಲ್ಲಿ ವಾರಕ್ಕೆರಡು ಸಲ ಸಿಗುವ ಮನುಷ್ಯ ಇನ್ನೊಂದರಲ್ಲಿ ಕಳೆದುಹೋಗಿದ್ದಾನೆ.

ಆವತ್ತು ರಾತ್ರಿ ಬಸ್ಸಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಇಂಥ ಕಳೆದುಹೋದವರನ್ನು ಲೆಕ್ಕದಲ್ಲಿ ಏನು ಮಾಡುತ್ತಾರೆ? ಸುಮ್ಮನೆ ಪಟ್ಟಿಯಿಂದ ಬಿಟ್ಟು, ಬರುತ್ತಾ ಇರುವವರನ್ನು ಮಾತ್ರ ಎಣಿಸಿದರೆ ಯಶಸ್ಸು ತಾನಾಗಿಯೇ ಜಾಸ್ತಿ ಕಾಣುತ್ತದೆ. ಯಾಕೆಂದರೆ ಬರುವುದನ್ನು ನಿಲ್ಲಿಸುವವರು ಯಾರು? ದುಡ್ಡು ಮುಗಿದವರು, ಊರು ದೂರ ಇರುವವರು, ಕಿಡ್ನಿ ಹೋದವರು, ತೀರಿಕೊಂಡವರು. ಚೆನ್ನಾಗಿರುವವರು ಬರುತ್ತಲೇ ಇರುತ್ತಾರೆ. ಹೀಗೆ ಬಂದ ಶೇಕಡಾವಾರನ್ನು ನೋಡಿ ಮುಂದಿನ ಮನೆಯವರು ಹೊಲ ಮಾರುತ್ತಾರೆ.

ಬೇರೆ ಕಡೆ ಏನು ಮಾಡುತ್ತಾರೆ ಅಂತ ಆಮೇಲೆ ಓದಿಕೊಂಡೆ. ಅಮೆರಿಕದಲ್ಲಿ 1987ರಿಂದ ಎಸ್‌ಆರ್‌ಟಿಆರ್ ಅಂತ ಒಂದು ದಾಖಲಾತಿ ಸಂಸ್ಥೆ ಇದೆ. ಪ್ರತಿ ಆಸ್ಪತ್ರೆಯ ಕಸಿ ಫಲಿತಾಂಶವನ್ನು ಆರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ಬ್ರಿಟನ್ನಿನಲ್ಲೂ ಕೇಂದ್ರವಾರು ವರದಿ ಬರುತ್ತದೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನವರದ್ದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಅಲ್ಲಿ ಡಯಾಲಿಸಿಸ್ ಮತ್ತು ಕಸಿ ಎರಡಕ್ಕೂ ಸೇರಿ ಒಂದೇ ದಾಖಲೆ. ಕಸಿ ಹೋಗಿ ಡಯಾಲಿಸಿಸ್‌ಗೆ ಬಂದವನು ಅದೇ ಪುಸ್ತಕದಲ್ಲಿ ಮುಂದಿನ ಪುಟಕ್ಕೆ ಹೋಗುತ್ತಾನೆ, ಕಳೆದುಹೋಗುವುದಿಲ್ಲ. ನಮ್ಮಲ್ಲೂ ಇದು ಆಗದ ಕೆಲಸವೇನಲ್ಲ. ಟಿಬಿ ಬಂದವರ ಹೆಸರು ಸರ್ಕಾರದ ನಿಕ್ಷಯ್ ಎಂಬ ಆನ್‌ಲೈನ್ ದಾಖಲೆಯಲ್ಲಿ ಸೇರುತ್ತದೆ, ಮಾತ್ರೆ ನುಂಗಿದರಾ ಅಂತ ಆಶಾ ಅಕ್ಕ ಮನೆ ಬಾಗಿಲಿಗೆ ಬಂದು ಕೇಳುತ್ತಾರೆ. ಬಾಣಂತಿ ತೀರಿಕೊಂಡರೆ ಯಾಕೆ ಹಾಗಾಯಿತು ಅಂತ ಪರಿಶೀಲನೆ ನಡೆಯುತ್ತದೆ. ಹಳ್ಳಿಯವರೆಗೂ ಕೈ ಚಾಚಿರುವ ವ್ಯವಸ್ಥೆಯೇ ನಮ್ಮದು.

ಡಾಕ್ಟರುಗಳು ಒಂದು ಮಾತು ಹೇಳುತ್ತಾರೆ, ಅದನ್ನೂ ನಾನು ಒಪ್ಪುತ್ತೇನೆ. ಫಲಿತಾಂಶ ಪ್ರಕಟಿಸಿದರೆ ಆಸ್ಪತ್ರೆಯವರು ಕಷ್ಟದ ಕೇಸ್ ತೆಗೆದುಕೊಳ್ಳುವುದೇ ಇಲ್ಲ, ಲೆಕ್ಕ ಕೆಡುತ್ತದೆ ಅಂತ ವಯಸ್ಸಾದವರನ್ನು, ಶುಗರ್ ಇರುವವರನ್ನು ವಾಪಸ್ ಕಳಿಸುತ್ತಾರೆ ಅಂತ. ಅಮೆರಿಕದಲ್ಲಿ ಈ ತೊಂದರೆ ಬಗ್ಗೆ ದೊಡ್ಡ ಚರ್ಚೆಯೇ ಆಗಿದೆ, ಅಳೆಯುವ ರೀತಿಯನ್ನು ಅವರು ಬದಲಾಯಿಸಿಕೊಂಡೂ ಇದ್ದಾರೆ. ರೋಗಿಯ ವಯಸ್ಸು, ಇದ್ದ ಕಾಯಿಲೆ, ಸಿಕ್ಕ ಅಂಗದ ಸ್ಥಿತಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡು, ಇಂಥವರಲ್ಲಿ ಎಷ್ಟು ನಿರೀಕ್ಷಿಸಬಹುದಿತ್ತು, ಎಷ್ಟಾಯಿತು ಅಂತ ಹೋಲಿಸುವುದು ಸರಿಯಾದ ದಾರಿ. ಆಸ್ಪತ್ರೆಗಳಿಗೆ ರ‍್ಯಾಂಕ್ ಕೊಡಿ ಅಂತ ನಾನು ಕೇಳುತ್ತಿಲ್ಲ. ನ್ಯಾಯವಾದ ಲೆಕ್ಕ ಕೇಳುತ್ತಿದ್ದೇನೆ.

ಲೆಕ್ಕ ಬರೆಯುವವರೂ ಆಪರೇಷನ್ ಮಾಡಿದವರೂ ಒಬ್ಬರೇ ಆಗಬಾರದು ಅನ್ನುವುದಕ್ಕೂ ಕಾರಣ ಇದೆ. ಸ್ವೀಡನ್ನಿನ ಒಂದು ಹೆಸರಾಂತ ಸಂಸ್ಥೆಯಲ್ಲಿ ಪಾವ್ಲೊ ಮಕಿಯಾರಿನಿ ಎಂಬ ಸರ್ಜನ್ 2011ರಿಂದ ಪ್ಲಾಸ್ಟಿಕ್ ಶ್ವಾಸನಾಳ ಹಾಕಿ, ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಬರೆದರು. ಅಲ್ಲಿ ಹಾಗೆ ಹಾಕಿಸಿಕೊಂಡ ಮೂವರೂ ಸತ್ತರು. ವಿಷಯ ಹೊರಗೆ ಬರಲು ವರ್ಷಗಳು ಹಿಡಿದವು, 2023ರಲ್ಲಿ ಮೇಲ್ಮನವಿ ಕೋರ್ಟ್ ಅವರಿಗೆ ಎರಡೂವರೆ ವರ್ಷ ಜೈಲು ಹಾಕಿತು. ನಮ್ಮಲ್ಲಿ ಹಾಗೆ ನಡೆಯುತ್ತಿದೆ ಅಂತ ನಾನು ಹೇಳುತ್ತಿಲ್ಲ. ಅಂಥ ಹೆಸರಾಂತ ಸಂಸ್ಥೆಯಲ್ಲೇ ಹಾಗಾಯಿತಲ್ಲ, ಹೊರಗಿನ ಕಣ್ಣು ಬೇಕು ಅಂತ ಹೇಳುತ್ತಿದ್ದೇನೆ.

ಇನ್ನು ನಮ್ಮ ಕಿಡ್ನಿ ಯಾಕೆ ಹೋಯಿತು ಎಂಬ ವಿಷಯ. ನನ್ನ ಹತ್ತಿರ ಇನ್ನೂರು ಪೇಜಿನ ಒಂದು ನೋಟ್‌ಬುಕ್ ಇದೆ. ಕಸಿ ಆದ ದಿನದಿಂದ ಪ್ರತಿ ಟೆಸ್ಟಿನ ತಾರೀಖು, ಕ್ರಿಯಾಟಿನಿನ್, ಟ್ಯಾಕ್ರೋಲಿಮಸ್ ಲೆವೆಲ್, ಬಿಪಿ, ಮಾತ್ರೆಯ ಕಂಪನಿ ಹೆಸರು, ಎಲ್ಲ ಬರೆದಿದ್ದೇನೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಒಂದು ಕಸ, ಕಿಡ್ನಿ ಸೋತಷ್ಟೂ ಅದು ರಕ್ತದಲ್ಲಿ ಏರುತ್ತದೆ. ಟ್ಯಾಕ್ರೋಲಿಮಸ್ ಅಂದರೆ ದೇಹ ಹೊಸ ಕಿಡ್ನಿಯನ್ನು ಪರಕೀಯ ಅಂತ ತಳ್ಳದ ಹಾಗೆ ತಡೆಯುವ ಮಾತ್ರೆ. 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ಇದನ್ನು ಕಂಡುಹಿಡಿದರಂತೆ. ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ, ಮೊಬೈಲಿನಲ್ಲಿ ಅಲಾರಂ ಇಟ್ಟು ನುಂಗಬೇಕು. ರಕ್ತದಲ್ಲಿ ಇದು ಸ್ವಲ್ಪ ಕಡಿಮೆಯಾದರೆ ರಿಜೆಕ್ಷನ್, ಸ್ವಲ್ಪ ಜಾಸ್ತಿಯಾದರೆ ಅದೇ ಕಿಡ್ನಿಗೆ ವಿಷ. ಅದಕ್ಕೇ ಆಗಾಗ ಲೆವೆಲ್ ಟೆಸ್ಟ್ ಮಾಡಿಸಬೇಕು. ಆ ಟೆಸ್ಟ್ ನಮ್ಮ ತಾಲ್ಲೂಕಿನಲ್ಲಿ ಇಲ್ಲ.

ಮೊದಲ ವರ್ಷದ ಪುಟಗಳು ನೋಡಲು ಖುಷಿಯಾಗುತ್ತದೆ. ಕ್ರಿಯಾಟಿನಿನ್ 1.1, 1.2, 1.1. ತಮ್ಮ ಅಂಗಡಿಗೆ ವಾಪಸ್ ಹೋದ. ಅಮ್ಮ ಅವನು ನೀರು ಕುಡಿಯುವುದನ್ನೇ ನೋಡುತ್ತಾ ಕೂತಿರುತ್ತಿದ್ದರು, ಡಯಾಲಿಸಿಸ್ ಕಾಲದಲ್ಲಿ ಅವನಿಗೆ ದಿನಕ್ಕೆ ಎರಡು ಲೋಟ ನೀರೂ ಸಿಗುತ್ತಿರಲಿಲ್ಲವಲ್ಲ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಯಿತು. ಬಸ್ಸಿಲ್ಲ. ನೋಟ್‌ಬುಕ್ಕಿನಲ್ಲಿ ಅಲ್ಲಿಂದ ಮುಂದೆ ನಾಲ್ಕು ತಿಂಗಳು ಲೆವೆಲ್ ಕಾಲಂ ಖಾಲಿ ಇದೆ. ಮೇ ತಿಂಗಳಲ್ಲಿ ನಮ್ಮ ಕಂಪನಿಯ ಮಾತ್ರೆ ಮುಗಿಯಿತು, ಹಾಸನದಲ್ಲಿ ಮೂರು ಮೆಡಿಕಲ್ ಸ್ಟೋರ್ ಸುತ್ತಿ ಬೇರೆ ಕಂಪನಿಯದ್ದು ತಂದೆವು. 'ಎಲ್ಲ ಒಂದೇ ಕಣಮ್ಮ, ಒಳಗಿರೋ ಔಷಧಿ ಅದೇ' ಅಂದರು ಅಂಗಡಿಯವರು. ಈ ಮಾತ್ರೆಯ ಕಂಪನಿ ಬದಲಾಯಿಸುವಾಗ ಕಸಿ ಡಾಕ್ಟರ್ ಗಮನದಲ್ಲಿದ್ದು ಲೆವೆಲ್ ನೋಡಬೇಕು ಅಂತ ಯುರೋಪಿನ ಕಸಿ ತಜ್ಞರ ಸಂಘ 2011ರಲ್ಲೇ ಹೇಳಿದೆ ಅಂತ ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಆಗಸ್ಟಿನಲ್ಲಿ ಕಾರು ಮಾಡಿಕೊಂಡು ಬೆಂಗಳೂರಿಗೆ ಹೋದಾಗ ಕ್ರಿಯಾಟಿನಿನ್ 2.6. ಬಯಾಪ್ಸಿ ಮಾಡಿದರು, ರಿಜೆಕ್ಷನ್ ಅಂದರು. ಇಂಜೆಕ್ಷನ್ ಕೊಟ್ಟು 2.0ಕ್ಕೆ ತಂದರು. ಆಮೇಲೆ ಅದು ಕೆಳಗೆ ಇಳಿಯಲೇ ಇಲ್ಲ.

ಖಾಲಿ ಕಾಲಮ್ಮೇ ಕಾರಣವಾ, ಕಂಪನಿ ಬದಲಾದದ್ದು ಕಾರಣವಾ, ಅಥವಾ ಏನು ಮಾಡಿದ್ದರೂ ಹೀಗೇ ಆಗುತ್ತಿತ್ತಾ? ಒಬ್ಬನ ನೋಟ್‌ಬುಕ್ ನೋಡಿ ಅದನ್ನು ಹೇಳಲು ಆಗುವುದಿಲ್ಲ, ನಾನು ಹೇಳುವುದೂ ಇಲ್ಲ. ಸಾವಿರ ಜನರ ನೋಟ್‌ಬುಕ್ ಒಂದು ಕಡೆ ಇಟ್ಟರೆ ಗೊತ್ತಾಗುತ್ತದೆ. ಕೋವಿಡ್ ವರ್ಷದಲ್ಲಿ ಹೊಸ ಕಸಿಗಳು ಎಷ್ಟು ಕಡಿಮೆಯಾದವು ಅಂತ ಎಲ್ಲರೂ ಬರೆದರು. ಆ ತಿಂಗಳುಗಳಲ್ಲಿ ಬಸ್ಸಿಲ್ಲದೆ, ಮಾತ್ರೆ ಸಿಗದೆ, ಮೊದಲೇ ಹಾಕಿಸಿಕೊಂಡಿದ್ದ ಕಿಡ್ನಿ ಕಳೆದುಕೊಂಡವರು ನಮ್ಮ ರಾಜ್ಯದಲ್ಲಿ ಎಷ್ಟು ಮಂದಿ? ಆ ಲೆಕ್ಕವನ್ನು ಈಗಲಾದರೂ ತೆಗೆಸಬಹುದು. ಡಯಾಲಿಸಿಸ್ ಸೆಂಟರುಗಳಲ್ಲಿ ಕೇಳಿದರೆ ಸಾಕು, ನಾವೆಲ್ಲ ಅಲ್ಲೇ ಇದ್ದೇವೆ.

ಇನ್ನೊಂದು ಚಿಕ್ಕ ವಿಷಯ, ನನಗೆ ಚಿಕ್ಕದಲ್ಲ. ಡಿಸ್ಚಾರ್ಜ್ ಆಗುವಾಗ ಇಂಗ್ಲಿಷಿನಲ್ಲಿ ಒಂದು ಊಟದ ಪಟ್ಟಿ ಕೊಟ್ಟರು. ಅದರಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಇತ್ತು. ನಾವು ಗ್ರೇಪ್ಸ್ ಅಂದುಕೊಂಡೆವು. ಮನೆಗೆ ದ್ರಾಕ್ಷಿ ತರುವುದನ್ನೇ ನಿಲ್ಲಿಸಿದೆವು. ಆ ವರ್ಷ ದೇವನಹಳ್ಳಿ ಕಡೆಯ ನೆಂಟರು ಚಕ್ಕೋತ ಕಳಿಸಿದ್ದರು. ಹಣ್ಣು ಒಳ್ಳೆಯದು ಅಂತ ಅಮ್ಮ ಸಿಪ್ಪೆ ಬಿಡಿಸಿ, ತೊಳೆ ತೊಳೆಯಾಗಿ ಮಾಡಿ ತಮ್ಮನಿಗೇ ಜಾಸ್ತಿ ಕೊಟ್ಟರು. ವಾರದಲ್ಲಿ ಅವನ ಕೈ ನಡುಗಲು ಶುರುವಾಯಿತು, ಟೀ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಲೆವೆಲ್ 14ರ ಮೇಲೆ ಹೋಗಿತ್ತು. ಗ್ರೇಪ್‌ಫ್ರೂಟ್ ಅಂದರೆ ಚಕ್ಕೋತದ ಹತ್ತಿರದ ಜಾತಿಯ ಹಣ್ಣು, ಚಕ್ಕೋತವೂ ಈ ಮಾತ್ರೆಯನ್ನು ರಕ್ತದಲ್ಲಿ ಏರಿಸಬಹುದು ಅಂತ ಆಗ ಗೊತ್ತಾಯಿತು. ಜಪಾನಿನ ಡಾಕ್ಟರುಗಳು ಒಬ್ಬ ಕಿಡ್ನಿ ಕಸಿ ರೋಗಿಯಲ್ಲಿ ಇದನ್ನೇ ನೋಡಿ 2003ರಲ್ಲಿ ಬರೆದಿದ್ದಾರೆ. ಚಕ್ಕೋತ ಬೆಳೆಯುವುದು ನಮ್ಮ ಬೆಂಗಳೂರಿನ ಪಕ್ಕದಲ್ಲಿ. ನಮ್ಮ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ.

ಸಂಶೋಧನೆ ಅಂದಾಗ ನಾನು ಕೇಳುವುದು ಇಂಥದ್ದನ್ನು. ನಮ್ಮ ಜನ ತಿನ್ನುವುದು, ನಮ್ಮ ಜನಕ್ಕೆ ಬರುವ ಕಾಯಿಲೆ. ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಯಲ್ಲಿ 1971ರಲ್ಲೇ ಕಿಡ್ನಿ ಕಸಿ ಯಶಸ್ವಿಯಾಗಿ ಆಯಿತು, ದೇಶದಲ್ಲಿ ಮೊದಲು. ಅಲ್ಲಿನ ಡಾಕ್ಟರುಗಳು ತಮ್ಮ ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ನೋಡಿ, ಕಸಿ ಆದವರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಟಿಬಿ ಬಂದಿತ್ತು ಅಂತ 2001ರಲ್ಲಿ ಪ್ರಕಟಿಸಿದರು. ಪಶ್ಚಿಮದ ದೇಶಗಳಲ್ಲಿ ಇದು ಅಷ್ಟು ದೊಡ್ಡ ಸಮಸ್ಯೆಯೇ ಅಲ್ಲ, ಹಾಗಾಗಿ ಅವರ ಪುಸ್ತಕ ನೋಡಿ ನಮಗೆ ಚಿಕಿತ್ಸೆ ಕೊಟ್ಟರೆ ಸಾಲುವುದಿಲ್ಲ. ರೋಗಿಗಳನ್ನು ಕಳೆದುಕೊಳ್ಳದೆ ಹಿಂಬಾಲಿಸಿದ್ದಕ್ಕೇ ಆ ಸಂಖ್ಯೆ ಸಿಕ್ಕಿತು. ಅವರಿಂದ ಆಗಿದ್ದು ನಮ್ಮಿಂದ ಯಾಕೆ ಆಗುವುದಿಲ್ಲ?

ನಮ್ಮನ್ನೂ ಒಂದು ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ಆಪರೇಷನ್ ಹಿಂದಿನ ದಿನ ಒಂಬತ್ತು ಪುಟದ ಇಂಗ್ಲಿಷ್ ಕಾಗದ ತಂದರು, ಅಮ್ಮ ಕನ್ನಡದಲ್ಲಿ ಸಹಿ ಹಾಕಿದರು. 'ಇದರಿಂದ ಮುಂದಿನವರಿಗೆ ಒಳ್ಳೇದಾಗುತ್ತೆ ಅಮ್ಮ' ಅಂದರು ಆ ಹುಡುಗ ಡಾಕ್ಟರು. 'ಆಗ್ಲಿ ಬಿಡಪ್ಪ' ಅಂತ ಅಮ್ಮ ಎರಡು ಟ್ಯೂಬ್ ರಕ್ತ ಜಾಸ್ತಿ ಕೊಟ್ಟರು. ಅಧ್ಯಯನ ಮುಗಿಯಿತಾ, ಏನು ಗೊತ್ತಾಯಿತು, ನಮಗೆ ಯಾರೂ ಹೇಳಲಿಲ್ಲ. ಒಪ್ಪಿಗೆ ಪತ್ರ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ಅಧ್ಯಯನ ಮಾಡಬೇಡಿ ಅಂತ ನಾನು ಎಂದೂ ಹೇಳುವುದಿಲ್ಲ. ಇನ್ನೂ ಜಾಸ್ತಿ ಮಾಡಿ. ಮುಗಿದ ಮೇಲೆ ಒಂದು ಪುಟ ಕನ್ನಡದಲ್ಲಿ ಬರೆದು ಕಳಿಸಿ, ಅಷ್ಟೇ.

ಈಗ ಅಮ್ಮನ ವಿಷಯ. ಬರೆಯಲು ನನಗೆ ಕಷ್ಟವಾಗುವ ಭಾಗ ಇದು.

1954ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ಆಯಿತು. ರೊನಾಲ್ಡ್ ಹೆರಿಕ್ ಎಂಬುವರು ತಮ್ಮ ಅವಳಿ ಸಹೋದರನಿಗೆ ಕಿಡ್ನಿ ಕೊಟ್ಟರು. ಪಡೆದವರು ಎಂಟು ವರ್ಷ ಬದುಕಿದರು. ಕೊಟ್ಟವರು 2010ರವರೆಗೆ, 56 ವರ್ಷ ಬದುಕಿದರು. ಲೋಕದ ಆ ಮೊದಲ ದಾನಿ ಏನಾದರು ಅಂತ ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಕೂತ ನನಗೂ ಗೊತ್ತು. ನನ್ನ ಅಮ್ಮ ಏನಾದರು ಅಂತ ಅವರ ಕಿಡ್ನಿ ತೆಗೆದ ಆಸ್ಪತ್ರೆಗೆ ಗೊತ್ತಿಲ್ಲ. ಹೊಲಿಗೆ ನೋಡಲು ಒಂದು ಸಲ ಕರೆದರು, ಮೂರು ತಿಂಗಳಿಗೆ ಇನ್ನೊಂದು ಸಲ. ಅಲ್ಲಿಗೆ ಮುಗಿಯಿತು. 2021ರಲ್ಲಿ ತಲೆಸುತ್ತು ಅಂದಾಗ ನಾನೇ ನೋಡಿಸಿದೆ, ಬಿಪಿ 170 ಇತ್ತು. ಎಷ್ಟು ದಿನದಿಂದ ಇತ್ತೋ ಗೊತ್ತಿಲ್ಲ. 'ಅವನಿಗೆ ಓಡಾಡೋದರಲ್ಲಿ ನಂದೇನು ಬಿಡೇ' ಅಂತ ಸುಮ್ಮನಿದ್ದರು.

ದಾನಿಗಳಿಗೆ ಅಪಾಯ ಕಡಿಮೆ ಅನ್ನುವುದು ನಿಜ. ಅಮೆರಿಕದಲ್ಲಿ 96,217 ಕಿಡ್ನಿ ದಾನಿಗಳನ್ನು ನೋಡಿದ ಅಧ್ಯಯನ 2014ರಲ್ಲಿ ಬಂತು. ಹದಿನೈದು ವರ್ಷದಲ್ಲಿ ಹತ್ತು ಸಾವಿರ ದಾನಿಗಳಲ್ಲಿ ಸುಮಾರು 31 ಮಂದಿಗೆ ತಮ್ಮ ಕಿಡ್ನಿಯೇ ಹೋಗುವ ಸಾಧ್ಯತೆ, ಅಷ್ಟೇ ಆರೋಗ್ಯವಾಗಿದ್ದು ದಾನ ಮಾಡದವರಲ್ಲಿ ಸುಮಾರು 4. ಕಡಿಮೆಯೇ, ಆದರೆ ಸೊನ್ನೆ ಅಲ್ಲ. ಅದು ಅಲ್ಲಿಯ ಜನರ ಲೆಕ್ಕ. ಶುಗರ್, ಬಿಪಿ ಇಷ್ಟು ಜಾಸ್ತಿ ಇರುವ, ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವ ನಮ್ಮ ಹೆಂಗಸರಲ್ಲಿ ಎಷ್ಟು? ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಅಮ್ಮಂದಿರು, ಹೆಂಡತಿಯರು. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಕೊಟ್ಟ ಮೇಲೆ ಈ ಹೆಂಗಸರನ್ನು ಯಾರು ನೋಡುತ್ತಿದ್ದಾರೆ?

ಹಾಗಾಗಿ ನಾನು ಕೇಳುವುದು ಇಷ್ಟು.

ರಾಜ್ಯದಲ್ಲಿ ಕಸಿ ಮಾಡುವ ಪ್ರತಿ ಆಸ್ಪತ್ರೆ, ಒಂದು, ಮೂರು, ಐದು ವರ್ಷಕ್ಕೆ ಎಷ್ಟು ರೋಗಿಗಳು ಬದುಕಿದ್ದಾರೆ, ಎಷ್ಟು ಅಂಗ ನಡೆಯುತ್ತಿದೆ ಅಂತ ಕೊಡಲಿ, ನೀವು ಅದನ್ನು ಪರಿಶೀಲಿಸಿ ಕನ್ನಡದಲ್ಲಿ ಪ್ರಕಟಿಸಿ. ಎಷ್ಟು ಮಂದಿ ಸಂಪರ್ಕ ತಪ್ಪಿದ್ದಾರೆ ಎಂಬ ಸಂಖ್ಯೆಯನ್ನೂ ಅದರ ಪಕ್ಕದಲ್ಲೇ ಹಾಕಿ, ಬಚ್ಚಿಡಬೇಡಿ. ತಾಲ್ಲೂಕು ಡಯಾಲಿಸಿಸ್ ಸೆಂಟರಿಗೆ ಹೊಸಬರು ಸೇರುವಾಗ ತುಂಬಿಸುವ ಫಾರಂನಲ್ಲಿ ಒಂದು ಪ್ರಶ್ನೆ ಸೇರಿಸಿ: ಮೊದಲು ಕಸಿ ಆಗಿತ್ತಾ, ಎಲ್ಲಿ, ಯಾವಾಗ? ಆ ಉತ್ತರ ಜೀವಸಾರ್ಥಕತೆಗೆ ಹೋಗಲಿ. ಇದಕ್ಕೆ ಕೋಟಿಗಟ್ಟಲೆ ಬೇಡ, ಒಂದು ಸಾಲು ಸಾಕು.

ಲೆವೆಲ್ ಟೆಸ್ಟಿಗೆ ನಾವು ಬೆಂಗಳೂರಿಗೆ ಹೋಗುವ ಬದಲು ನಮ್ಮ ರಕ್ತ ಹೋಗಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗ್ಗೆ ಮಾತ್ರೆಗೆ ಮುಂಚೆ ರಕ್ತ ತೆಗೆದು ಕಳಿಸಿ, ರಿಪೋರ್ಟ್ ಮೊಬೈಲಿಗೆ ಬರಲಿ. ಬಡವರ ಕಸಿ ಆಪರೇಷನ್ನಿಗೆ ಸರ್ಕಾರ ಹಣ ಕೊಡುತ್ತದೆ, ಅದಕ್ಕೆ ಕೈ ಮುಗಿಯುತ್ತೇನೆ. ಲಕ್ಷಗಟ್ಟಲೆ ಖರ್ಚು ಮಾಡಿ ಹಾಕಿದ ಕಿಡ್ನಿ ಒಂದು ಟೆಸ್ಟ್ ತಪ್ಪಿ ಹೋದರೆ ಆ ಹಣವೂ ಹೋಯಿತು, ಅಮ್ಮನ ಕಿಡ್ನಿಯೂ ಹೋಯಿತು.

ದಾನಿಗಳಿಗೆ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ಈ ಮೂರನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ನೋಡಿ. ಅವರಾಗಿಯೇ ಬರುವುದಿಲ್ಲ, ಫೋನ್ ಮಾಡಿ ಕರೆಯಿರಿ. ಊಟದ ಪಟ್ಟಿ, ಮಾತ್ರೆಯ ಸೂಚನೆ, ಅಧ್ಯಯನದ ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಚಕ್ಕೋತಕ್ಕೆ ಚಕ್ಕೋತ ಅಂತಲೇ ಬರೆಯಿರಿ. ಬರೆದ ಮೇಲೆ ನಮ್ಮಂಥವರಿಬ್ಬರಿಗೆ ಓದಲು ಕೊಟ್ಟು, ಏನು ಅರ್ಥವಾಯಿತು ಅಂತ ಕೇಳಿ ನೋಡಿ.

ನನ್ನ ನೋಟ್‌ಬುಕ್ಕಿನ ಎಲ್ಲ ಪುಟಗಳ ಜೆರಾಕ್ಸ್ ಈ ಪತ್ರದ ಜೊತೆ ಅಂಚೆಯಲ್ಲಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕ್ರಿಯಾಟಿನಿನ್ ಒಂದು ಕಾಲಂ, ಲೆವೆಲ್ ಒಂದು ಕಾಲಂ, 2020ರ ನಾಲ್ಕು ಖಾಲಿ ತಿಂಗಳು ಹಾಗೇ ಇವೆ. ಕೊನೆಯ ಪುಟದಲ್ಲಿ ಅಮ್ಮನ ಬಿಪಿ ಬರೆಯಲು ಶುರುಮಾಡಿದ್ದೇನೆ. ನಿಮ್ಮ ದಾಖಲೆಯಲ್ಲಿ ಮೊದಲು ಈ ಇಬ್ಬರ ಹೆಸರು ಸರಿಪಡಿಸಿ. ಇಬ್ಬರೂ ಇದ್ದಾರೆ. ತಮ್ಮ ಮಂಗಳವಾರ, ಶುಕ್ರವಾರ ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತಾನೆ. ಅಮ್ಮ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ.

ಇತಿ,
ತಮ್ಮ ವಿಶ್ವಾಸಿ,
ಕಿಡ್ನಿ ಕೊಟ್ಟ ಒಬ್ಬ ಅಮ್ಮನ ಮಗಳು, ಹಾಸನ ಜಿಲ್ಲೆ